ಗುಡ್ಡದ ನೀರಿಗೆ ಎಷ್ಟು ಕೆಜಿ ಪೈಪು?

ಕೆಮ್ಮಣ್ಣುಗುಂಡಿಗೆ ಬಂದವರು ತಪ್ಪದೆ ಹೋಗಿ ನೋಡುವ ಹೆಬ್ಬೆ ಜಲಪಾತದ ಎತ್ತರ 168 ಮೀಟರ್. ಎರಡು ಹಂತಗಳಲ್ಲಿ ಧುಮುಕುವ ಆ ನೀರನ್ನು ಬೀಳಗೊಡದೆ, ನೆತ್ತಿಯಿಂದ ಬುಡದವರೆಗೆ ಒಂದೇ ಪೈಪಿನಲ್ಲಿ ತುಂಬಿ, ಕೆಳತುದಿಗೆ ನಲ್ಲಿ ಕೂರಿಸಿ ಮುಚ್ಚಿದೆವು ಎನ್ನೋಣ. ಪೈಪು ಅರ್ಧ ಇಂಚಿನದಿರಲಿ, ಆರು ಇಂಚಿನದಿರಲಿ, ಆ ನಲ್ಲಿಯ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 16.8 ಕೆಜಿ. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ 6 ಕೆಜಿ ಪೈಪಿನ ಶಕ್ತಿ ಅದರ ಅರ್ಧಕ್ಕೂ ಸಾಲದು.

ಹೆಬ್ಬೆಗೆ ಯಾರೂ ನಲ್ಲಿ ಹಾಕಲು ಹೋಗುವುದಿಲ್ಲ, ಸರಿ. ಆದರೆ 1434 ಮೀಟರ್ ಎತ್ತರದ ಈ ಗಿರಿಧಾಮದಿಂದ ಲಿಂಗದಹಳ್ಳಿ, ತರೀಕೆರೆ ಕಡೆಗೆ ಇಳಿಯುವ ಇಳಿಜಾರುಗಳಲ್ಲಿ ಮೇಲಿನ ಒರತೆಯಿಂದಲೋ ಹಳ್ಳದಿಂದಲೋ ಪೈಪು ಎಳೆದು ಮನೆಗೆ, ತೋಟಕ್ಕೆ, ಈಚೆಗೆ ಹೋಂಸ್ಟೇಗೆ ನೀರು ತರುವುದು ಮಲೆನಾಡಿನವರಿಗೆ ಹೊಸದಲ್ಲ. ಅಡಿಕೆ ಮರದ ದಂಬೆ ಜೋಡಿಸಿ ಅಬ್ಬಿ ನೀರು ತರುತ್ತಿದ್ದ ಕಾಲದಲ್ಲಿ ಒತ್ತಡದ ಮಾತೇ ಇರಲಿಲ್ಲ. ತೆರೆದ ದಂಬೆಯಲ್ಲಿ ನೀರು ಹರಿಯುತ್ತದೆ, ಹೆಚ್ಚಾದರೆ ಅಂಚಿನಿಂದ ಚೆಲ್ಲುತ್ತದೆ, ಅಷ್ಟೆ. ಅದೇ ನೀರು ಕರಿ ಪೈಪಿನೊಳಗೆ ಹೊಕ್ಕು, ಕೆಳಗೆ ಬಾಗಿಲು ಮುಚ್ಚಿಕೊಂಡಿತೋ, ಗುಡ್ಡದ ಎತ್ತರವೆಲ್ಲ ಬಂದು ಪೈಪಿನ ಗೋಡೆಯ ಮೇಲೆ ಕೂರುತ್ತದೆ. ಆದರೂ ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚು ಕಡಿಮೆ ಇಷ್ಟೇ:

“ಎಷ್ಟು ಕೆಜಿದು ಕೊಡ್ಲಿ?”

“ಗಟ್ಟಿ ಇರೋದು ಕೊಡಿ ಅಣ್ಣ, ಒಂದಿಂಚಿಂದು.”

ಗಟ್ಟಿ ಎಂದರೆ ಎಷ್ಟು ಎಂದು ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಪೈಪು ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಖ್ಯೆ ಒಂದೇ. ನೀರಿನ ಮೂಲಕ್ಕೂ ಪೈಪು ಹಾದುಹೋಗುವ ಅತಿ ತಗ್ಗಿನ ಜಾಗಕ್ಕೂ ನಡುವೆ ಎಷ್ಟು ಎತ್ತರ? ಇಂಚು, ಕಂಪನಿ, ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು.

ಕೆಜಿ, ಬಾರ್, ಪಿಎನ್: ಎಲ್ಲ ಒಂದೇ ಮನೆಯವು

ಪೈಪಿನ ‘ಕೆಜಿ’ ಅದರ ತೂಕವಲ್ಲ, ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಅದು ತಡೆದುಕೊಳ್ಳುವ ಭಾರ. ನೀರಿಗೆ ಲೆಕ್ಕ ಸುಲಭ: 10 ಮೀಟರ್ ಎತ್ತರಕ್ಕೆ 1 ಕೆಜಿ. ಅಡಿಯಲ್ಲಿ ಹೇಳುವುದಾದರೆ 33 ಅಡಿಗೆ 1 ಕೆಜಿ. ಮಹಡಿ ಮೇಲಿನ ಟ್ಯಾಂಕಿನಿಂದ ನೆಲಮಹಡಿಯ ನಲ್ಲಿಗೆ ಇಳಿಯುವ ಒತ್ತಡ ಒಂದು ಕೆಜಿಯನ್ನೂ ಮುಟ್ಟುವುದಿಲ್ಲ. ಬಯಲುಸೀಮೆಯ ಪ್ಲಂಬರ್‌ಗಳು ಒತ್ತಡದ ಗೊಡವೆಯಿಲ್ಲದೆ ಇಡೀ ಮನೆಯ ಕೆಲಸ ಮುಗಿಸಿಬಿಡುವುದು ಇದರಿಂದಲೇ. ಗುಡ್ಡಕ್ಕೆ ಅವರನ್ನೇ ಕರೆಸಿದರೆ ತೊಂದರೆ ಶುರು.

ಕೆಜಿಯ ಬದಲು ಬಾರ್ ಎಂದಿದ್ದರೆ ಗಾಬರಿ ಬೇಡ. ಎರಡಕ್ಕೂ ನೂರಕ್ಕೆ ಎರಡರಷ್ಟೇ ವ್ಯತ್ಯಾಸ, ಒಂದೇ ಎಂದುಕೊಂಡರೂ ನಡೆಯುತ್ತದೆ. ‘ಪಿಎನ್ 10’ ಎಂದರೆ 10 ಬಾರ್. ‘1.0 ಎಂಪಿಎ’ ಎಂದರೂ ಅದೇ 10 ಬಾರ್. ಹೊರದೇಶದ ಅಳತೆಯ ಸರಕಿನ ಮೇಲೆ ಪಿಎಸ್‌ಐ ಇರುತ್ತದೆ, 14.2 ಪಿಎಸ್‌ಐಗೆ ಒಂದು ಕೆಜಿ. ಗೀಸರಿನ ಮೇಲಿನ ತಗಡಿನ ಪಟ್ಟಿಯಲ್ಲಿ 0.8 ಎಂಪಿಎ ಎಂದು ಕಂಡರೆ ಅದು 8 ಬಾರ್, ಅಂದರೆ ಸುಮಾರು 80 ಮೀಟರ್ ಎತ್ತರದ ನೀರು. ಅದಕ್ಕಿಂತ ಮೇಲಿರುವ ತೊಟ್ಟಿಯಿಂದ ನೇರವಾಗಿ ಗೀಸರಿಗೆ ಪೈಪು ಕೊಡುವಂತಿಲ್ಲ.

ಬೂದು ಬಣ್ಣದ ಪಿವಿಸಿ ಪೈಪಿಗೆ ಭಾರತೀಯ ಮಾನದಂಡ ಐಎಸ್ 4985. ಅದರಲ್ಲಿ ಆರು ದರ್ಜೆ: 2.5, 4, 6, 8, 10 ಮತ್ತು 12.5 ಕೆಜಿ. ಕರಿ ಎಚ್‌ಡಿಪಿಇ ಪೈಪಿಗೆ ಐಎಸ್ 4984, ಕುಡಿಯುವ ನೀರಿನದಾದರೆ ಉದ್ದಕ್ಕೂ ನೀಲಿ ಗೆರೆ. ಇದರಲ್ಲಿ ಪಿಇ 63, ಪಿಇ 80, ಪಿಇ 100 ಎಂಬ ಕಚ್ಚಾವಸ್ತುವಿನ ದರ್ಜೆ ಬೇರೆ, ಪಿಎನ್ ಎಂಬ ಒತ್ತಡದ ದರ್ಜೆ ಬೇರೆ. ‘ಪಿಇ 100 ಇದೆ ಸಾರ್’ ಎಂದಾಗ 100 ಕೆಜಿ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಪಿಇ 100 ಪ್ಲಾಸ್ಟಿಕ್ಕಿನಿಂದಲೇ ತೆಳು ಗೋಡೆಯ ಪಿಎನ್ 6 ಪೈಪೂ ಬರುತ್ತದೆ, ದಪ್ಪ ಗೋಡೆಯ ಪಿಎನ್ 16 ಕೂಡ. ನಡುವೆ ಕಾಣುವ ಎಸ್‌ಡಿಆರ್ ಎಂಬುದು ಹೊರ ವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದ ಸಂಖ್ಯೆ. ಅದು ಕಡಿಮೆಯಾದಷ್ಟೂ ಪೈಪು ಗಟ್ಟಿ. ಪಿಇ 100ರಲ್ಲಿ ಎಸ್‌ಡಿಆರ್ 17 ಎಂದರೆ ಪಿಎನ್ 10, ಎಸ್‌ಡಿಆರ್ 11 ಎಂದರೆ ಪಿಎನ್ 16.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. 6 ಕೆಜಿ ಪೈಪಿಗೆ 8 ಕೆಜಿ ಒತ್ತಡ ಬಿದ್ದರೆ ಅದು ಆ ಕ್ಷಣವೇ ಒಡೆಯುವುದಿಲ್ಲ. ಪ್ಲಾಸ್ಟಿಕ್ ಪೈಪಿನ ದರ್ಜೆಯನ್ನು ನಿಗದಿ ಮಾಡುವುದು 50 ವರ್ಷದ ಬಾಳಿಕೆ ಲೆಕ್ಕ ಹಿಡಿದು. ಹೆಚ್ಚಿನ ಒತ್ತಡದಲ್ಲಿ ಪ್ಲಾಸ್ಟಿಕ್ ನಿಧಾನವಾಗಿ ಹಿಗ್ಗುತ್ತ, ಸೋಲುತ್ತ ಹೋಗುತ್ತದೆ. ‘ಹೋದ ವರ್ಷ ಹಾಕಿದ್ದು, ಏನೂ ಆಗಿಲ್ಲ ನೋಡಿ’ ಎನ್ನುವುದು ಸಮರ್ಥನೆಯಲ್ಲ. ಏನಾಗುತ್ತದೆ ಎಂದು ತಿಳಿಯಲು ಒಂದು ವರ್ಷ ಸಾಲದು.

ಒಡೆಯುವುದು ಮನೆ ಹತ್ತಿರವಲ್ಲ, ಹಳ್ಳದಲ್ಲಿ

ಒಂದು ಮಾದರಿ ಲೈನನ್ನು ತೆಗೆದುಕೊಳ್ಳೋಣ. ಮೇಲೆ ಒರತೆಯ ಬಳಿ ಸಣ್ಣ ಸಿಮೆಂಟ್ ತೊಟ್ಟಿ. ಅಲ್ಲಿಂದ ಮನೆ 60 ಮೀಟರ್ ಕೆಳಗೆ. ಲೆಕ್ಕ ಹಾಕಿದರೆ 6 ಕೆಜಿ. ಮನೆಯವರು 6 ಕೆಜಿ ಪೈಪು ತಂದು ಹಾಕಿದರು. ಆದರೆ ಪೈಪು ನೇರ ಮನೆಗೆ ಬರುವುದಿಲ್ಲ. ನಡುವೆ ಒಂದು ಹಳ್ಳ ದಾಟಬೇಕು, ಅದರ ತಳ ಮನೆಗಿಂತಲೂ 25 ಮೀಟರ್ ತಗ್ಗು. ತೊಟ್ಟಿಯಿಂದ ಹಳ್ಳದ ತಳಕ್ಕೆ 85 ಮೀಟರ್, ಅಂದರೆ 8.5 ಕೆಜಿ. ಪೈಪು ಹೋಗುವುದು ಅಲ್ಲಿ, ಅದೂ ರಾತ್ರಿ ಹೊತ್ತು.

ರಾತ್ರಿಯೇ ಏಕೆ? ನೀರು ಹರಿಯುತ್ತಿರುವಾಗ ಪೈಪಿನ ಗೋಡೆಗೆ ಉಜ್ಜಿಕೊಂಡು ಸ್ವಲ್ಪ ಒತ್ತಡ ಕಳೆದುಹೋಗುತ್ತದೆ. ಹಗಲಲ್ಲಿ ಎಲ್ಲೋ ಒಂದು ನಲ್ಲಿ, ತೋಟದಲ್ಲಿ ಒಂದು ಜೆಟ್ ನಡೆಯುತ್ತಲೇ ಇರುತ್ತದೆ. ರಾತ್ರಿ ಎಲ್ಲ ಮುಚ್ಚಿದ ಮೇಲೆ ನಿಂತ ನೀರಿನ ಪೂರ್ತಿ ಭಾರ ಪೈಪಿನ ಮೇಲೆ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಹರಿಯುವ ನೀರಿಗಲ್ಲ, ನಿಂತ ನೀರಿಗೆ. ಮೇಲೆ ಹೇಳಿದ ಲೈನಿಗೆ ಕಾಗದದ ಮೇಲೆ ಪಿಎನ್ 10 ಸಾಕು. ಹಳ್ಳದ ಆಚೀಚೆಯ ಭಾಗಕ್ಕಾದರೂ 12.5 ಹಾಕಿ ಎನ್ನುವುದು ನನ್ನ ಸಲಹೆ. ದರ್ಜೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ನಿಂತ ಒತ್ತಡ ಇರದಂತೆ ನೋಡಿಕೊಂಡರೆ ಉಳಿದ ಕಾಲು ಪಾಲು ಬಿಸಿಲಿಗೂ ನೀರಿನ ಹೊಡೆತಕ್ಕೂ ಮೀಸಲಾಗುತ್ತದೆ. ಇಡೀ ಲೈನಿಗೆ ದುಬಾರಿ ಪೈಪು ಬೇಕಿಲ್ಲ. ತೊಟ್ಟಿಯ ಹತ್ತಿರದ ಮೊದಲ 30 ಮೀಟರ್ ಇಳಿತಕ್ಕೆ 4 ಕೆಜಿ, ಅಲ್ಲಿಂದ 45 ಮೀಟರ್ ಇಳಿತದವರೆಗೆ 6, ಆಮೇಲೆ ಮೇಲಿನದು. ಹೀಗೆ ಇಳಿದಂತೆ ದಪ್ಪ ಮಾಡುತ್ತ ಬಂದರೆ ಹಣವೂ ಉಳಿಯುತ್ತದೆ. ಇದು ಎತ್ತರದ ಲೆಕ್ಕ, ಪೈಪಿನ ಉದ್ದದ್ದಲ್ಲ ಎನ್ನುವುದು ನೆನಪಿರಲಿ.

ಎತ್ತರ ಅಳೆಯುವುದು ಹೇಗೆ? ಮೊಬೈಲಿನ ಜಿಪಿಎಸ್ ಕಾಡಿನ ನೆರಳಿನಲ್ಲಿ ಹತ್ತಾರು ಮೀಟರ್ ಹೆಚ್ಚು ಕಡಿಮೆ ತೋರಿಸಬಹುದು. ಅದನ್ನು ನಂಬಿ ಪೈಪು ಕೊಳ್ಳಬೇಡಿ. ಗಾರೆಯವರು ಬಳಸುವ ಲೆವೆಲ್ ಪೈಪಿನಿಂದ ಆಳೆತ್ತರದ ಹೆಜ್ಜೆಗಳಲ್ಲಿ ಇಳಿಯುತ್ತ ಬಂದರೆ ಒಂದು ಬೆಳಗಿನ ಕೆಲಸ, ಆದರೆ ಲೆಕ್ಕ ಕರಾರುವಾಕ್ಕು. ಹಳೆಯ ಲೈನ್ ಇದ್ದರಂತೂ ಇನ್ನೂ ಸುಲಭ. ತಗ್ಗಿನಲ್ಲಿ ಒಂದು ಟೀ ಹಾಕಿ ಪ್ರೆಷರ್ ಗೇಜ್ ಕೂರಿಸಿ, ಎಲ್ಲ ನಲ್ಲಿ ಮುಚ್ಚಿ, ಮುಳ್ಳು ನಿಂತ ಜಾಗ ಓದಿದರೆ ಸಾಕು. ಹೊಸ ಲೈನ್ ಹಾಕುವವರೂ ಆ ಗೇಜನ್ನು ಶಾಶ್ವತವಾಗಿ ಅಲ್ಲೇ ಬಿಡುವುದು ಒಳ್ಳೆಯದು. ಪೈಪಿನೊಳಗೆ ಏನಾಗುತ್ತಿದೆ ಎಂದು ಹೇಳಲು ಅದರ ಹೊರತು ಇನ್ನಾರೂ ಇಲ್ಲ.

(ಒರತೆ ಮೀಸಲು ಅರಣ್ಯದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಪೈಪು ಆಮೇಲೆ. ಭದ್ರಾ ಅಭಯಾರಣ್ಯದ ನೆರೆಯಲ್ಲಿ ನೆಲದ ಮೇಲೆ ಹಾಸಿದ ಪೈಪಿಗೆ ಕಾಟಿ, ಆನೆಗಳ ಕಾಲೂ ಇದೆ. ಅದಕ್ಕೆ ಯಾವ ದರ್ಜೆಯೂ ಇಲ್ಲ, ಹೂಳುವುದೊಂದೇ ದಾರಿ.)

ನೂರು ಮೀಟರಿನಷ್ಟು ಇಳಿತವಿದ್ದರೆ ದಪ್ಪ ಪೈಪಿಗಿಂತ ನಡುತೊಟ್ಟಿ ಮೇಲು. ಇಳಿಜಾರಿನ ಮಧ್ಯದಲ್ಲಿ ತೆರೆದ ಬಾಯಿಯ ಸಣ್ಣ ತೊಟ್ಟಿ ಕಟ್ಟಿ, ಮೇಲಿನ ನೀರನ್ನು ಅದಕ್ಕೆ ಬೀಳಿಸಿ, ಅದರಿಂದ ಹೊಸದಾಗಿ ಪೈಪು ಶುರು ಮಾಡುವುದು. ಗಾಳಿಗೆ ತೆರೆದ ನೀರಿನ ಒತ್ತಡ ಸೊನ್ನೆಗೆ ಬರುತ್ತದೆ, ಅಲ್ಲಿಂದ ಲೆಕ್ಕವೂ ಹೊಸದು. ತೊಟ್ಟಿ ತುಂಬಿದಾಗ ನೀರು ನಿಲ್ಲಿಸಲು ಫ್ಲೋಟ್ ವಾಲ್ವ್ ಹಾಕುತ್ತಾರಲ್ಲ, ಅದು ಮನೆಯ ಟ್ಯಾಂಕಿಗೆ ಹಾಕುವ ಅಗ್ಗದ ಪ್ಲಾಸ್ಟಿಕ್ ವಾಲ್ವ್ ಆಗಿರಬಾರದು. ಮೇಲಿನ ಭಾಗದ ಪೂರ್ತಿ ಒತ್ತಡ ಬೀಳುವುದು ಅದರ ಮೇಲೆಯೇ. ಒತ್ತಡ ತಗ್ಗಿಸುವ ಪಿಆರ್‌ವಿ ಎಂಬ ವಾಲ್ವ್ ಇದೇ ಕೆಲಸ ಮಾಡುತ್ತದಾದರೂ ಹಳ್ಳದ ನೀರಿನ ಮರಳು, ಎಲೆಚೂರು ಸಿಕ್ಕಿ ಅದು ಕೆಟ್ಟರೆ ಕೆಳಗಿನ ಎಲ್ಲಕ್ಕೂ ಕುತ್ತು. ತೊಟ್ಟಿಗೆ ಕೆಡಲು ಅಂಥದ್ದೇನೂ ಇಲ್ಲ.

ನೀರು ಮೇಲೇರಿಸುವವರೂ ಇದೇ ಉಪಾಯ ಮಾಡುತ್ತಾರೆ. ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲೇರಿ. ಒಂದೇ ಏಟಿಗೆ ಎತ್ತಿದರೆ 50 ಕೆಜಿ ತಡೆಯುವ ಪೈಪು ಬೇಕಾಗುತ್ತಿತ್ತು. ಅದಕ್ಕೇ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್‌ಹೌಸು.

ಪೈಪಿಗಿಂತ ಫಿಟಿಂಗ್ ಮೊದಲು ಸೋಲುತ್ತದೆ

ಜನ ಪೈಪಿನ ಮೇಲಿನ ಅಚ್ಚು ಓದುತ್ತಾರೆ. ಎಲ್ಬೋ, ಟೀ, ಕಪ್ಲಿಂಗನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಆದರೆ ಲೈನಿನ ದರ್ಜೆ ಅದರಲ್ಲಿರುವ ಅತಿ ಕಡಿಮೆ ದರ್ಜೆಯ ತುಂಡಿನದು. ಹತ್ತು ಕೆಜಿ ಪೈಪಿಗೆ ನಾಲ್ಕು ಕೆಜಿ ಎಲ್ಬೋ ಹಾಕಿದರೆ ನೀವು ಕಟ್ಟಿದ್ದು ನಾಲ್ಕು ಕೆಜಿ ಲೈನು, ದುಡ್ಡು ಕೊಟ್ಟದ್ದು ಮಾತ್ರ ಹತ್ತಕ್ಕೆ.

ಅತಿ ದೊಡ್ಡ ಮೋಸ, ಬೇಕೆಂದೇ ಆಗಲಿ ಅರಿಯದೆ ಆಗಲಿ, ಎಸ್‌ಡಬ್ಲ್ಯುಆರ್ ಫಿಟಿಂಗಿನದು. ಇವು ಬಚ್ಚಲ, ಕಕ್ಕಸಿನ, ಮಳೆನೀರಿನ ಪೈಪುಗಳಿಗೆ ಮಾಡಿದವು. ಬಣ್ಣ ಅದೇ ಬೂದು, ನೋಟವೂ ಅದೇ. ಒತ್ತಡದ ನೀರಿಗೆ ಅವು ಹೇಳಿದವಲ್ಲ. ತೋಟದ ಲೈನಿನ ತಿರುವಿನಲ್ಲಿ ಎಸ್‌ಡಬ್ಲ್ಯುಆರ್ ಬೆಂಡ್ ಕಂಡರೆ ಮುಂದಿನ ಸಾರಿ ಎಲ್ಲಿ ಒಡೆಯುತ್ತದೆಂದು ಹೇಳಲು ಜ್ಯೋತಿಷ್ಯ ಬೇಡ.

ಎರಡನೆಯದು ಅಳತೆಯ ಗೊಂದಲ. ತೋಟದ ಬೂದು ಪೈಪಿನಲ್ಲಿ ‘ಎರಡು ಇಂಚು’ ಎಂದರೆ ಹೊರ ವ್ಯಾಸ 63 ಮಿಲಿಮೀಟರ್. ಮನೆ ಪ್ಲಂಬಿಂಗಿನ ಬಿಳಿ ಯುಪಿವಿಸಿಯಲ್ಲಿ ಅದೇ ಎರಡು ಇಂಚಿಗೆ 60.3 ಮಿಲಿಮೀಟರ್. ಒಂದರ ಪೈಪಿಗೆ ಇನ್ನೊಂದರ ಕಪ್ಲಿಂಗ್ ಕೂರುವುದಿಲ್ಲ. ಆಗ ಕೆಲವರು ಪೈಪಿನ ಬಾಯಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಸೊಲ್ಯೂಷನ್ ಧಾರಾಳ ಬಳಿದು ತುರುಕಿಬಿಡುತ್ತಾರೆ. ಕಾಯಿಸಿದ ಜಾಗದಲ್ಲಿ ಗೋಡೆ ತೆಳುವಾಗಿರುತ್ತದೆ, ಅಂಟು ಒಂದು ಬದಿ ಮಾತ್ರ ಹಿಡಿದಿರುತ್ತದೆ. ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗಲೇಬೇಕಾದರೆ ಹಲ್ಲಿನ, ಅಂದರೆ ಥ್ರೆಡ್ ಇರುವ, ಜೋಡಣೆಯೇ ಸರಿ.

ಥ್ರೆಡ್ಡಿಗೂ ಅದರದೇ ಮಿತಿಯಿದೆ. ಬಿಳಿ ಯುಪಿವಿಸಿಯಲ್ಲಿ ಶೆಡ್ಯೂಲ್ 40, ಶೆಡ್ಯೂಲ್ 80 ಎಂಬ ಎರಡು ದಪ್ಪ. ಶೆಡ್ಯೂಲ್ 40 ಪೈಪಿಗೆ ಹಲ್ಲು ಕಡಿಯಲೇಬಾರದು. 80ಕ್ಕೆ ಕಡಿಯಬಹುದು, ಆದರೆ ಅದರ ಒತ್ತಡದ ಶಕ್ತಿ ಅಲ್ಲಿಗೆ ಅರ್ಧ. ಇನ್ನೊಂದು ವಿಷಯ: ಶೆಡ್ಯೂಲ್ ಎನ್ನುವುದು ಪಿಎನ್ ಹಾಗೆ ಎಲ್ಲ ಅಳತೆಗೂ ಒಂದೇ ಒತ್ತಡವಲ್ಲ. ಶೆಡ್ಯೂಲ್ 40ರ ಅರ್ಧ ಇಂಚಿನ ಪೈಪು 600 ಪಿಎಸ್‌ಐ ತಡೆದರೆ ಎರಡು ಇಂಚಿನದು 280, ನಾಲ್ಕು ಇಂಚಿನದು 220. ಪೈಪು ಅಗಲವಾದಷ್ಟೂ ಅದರ ಗೋಡೆಯನ್ನು ಸೀಳುವ ಬಲ ಹೆಚ್ಚು. ಮನೆಯೊಳಗಿನ ಸಣ್ಣ ಪೈಪು ನೋಡಿ ‘ಇದೇ ಕಂಪನಿಯದ್ದು ದೊಡ್ಡದೂ ಹಾಕಿ’ ಎನ್ನುವ ಮುನ್ನ ಇದು ಗೊತ್ತಿರಬೇಕು.

ನಲ್ಲಿ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಹಲ್ಲಿನ ಎಲ್ಬೋ ಬೇಡ, ಹಿತ್ತಾಳೆ ಕೂರಿಸಿದ ಎಲ್ಬೋ ಹಾಕಿಸಿ. ಲೋಹದ ಗಂಡು ಹಲ್ಲನ್ನು ಪ್ಲಾಸ್ಟಿಕ್ಕಿನ ಹೆಣ್ಣು ಹಲ್ಲಿಗೆ ಬಿಗಿದರೆ ಅದು ಬೆಣೆಯಂತೆ ನುಗ್ಗಿ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ತಿರುಗಿಸಿ ಹಾಕಿದರೆ, ಪ್ಲಾಸ್ಟಿಕ್ ಗಂಡು, ಲೋಹ ಹೆಣ್ಣು, ಆ ಭಯವಿಲ್ಲ. ಕರಿ ಪೈಪಿನ ಜೋಡಣೆಗೆ ಬರುವ ಪಿಪಿ ಕಂಪ್ರೆಷನ್ ಫಿಟಿಂಗ್‌ಗಳ ಮೇಲೂ ಪಿಎನ್ ಅಚ್ಚಾಗಿರುತ್ತದೆ, ಓದಿ. ಪೈಪಿನೊಳಗೆ ತುಂಡು ನಿಪ್ಪಲ್ ತುರುಕಿ ಹೊರಗೆ ಕ್ಲಿಪ್ಪೋ ತಂತಿಯೋ ಬಿಗಿಯುವ ಹಳೇ ಜೋಡಣೆಗೆ ದರ್ಜೆಯೇ ಇಲ್ಲ. ಎರಡು ಮೂರು ಕೆಜಿ ಒಳಗಿನ ತೋಟದ ಲೈನಿಗೆ ಹೇಗೋ ನಡೆದೀತು, ಹಳ್ಳ ದಾಟುವ ಲೈನಿಗಲ್ಲ.

ಜಿಐ ಪೈಪು ಈಗ ಹಿಂದೆ ಬಿದ್ದಿದೆ. ಆದರೂ ಹಳ್ಳದ ಮೇಲೆ ತೂಗುಹಾಕಿ ದಾಟಿಸುವ ಕಡೆ ಅದಕ್ಕೆ ಸಾಟಿಯಿಲ್ಲ. ಐಎಸ್ 1239 ಪ್ರಕಾರ ಹಗುರದ ‘ಎ’ಗೆ ಹಳದಿ ಪಟ್ಟಿ, ಮಧ್ಯಮದ ‘ಬಿ’ಗೆ ನೀಲಿ, ಭಾರದ ‘ಸಿ’ಗೆ ಕೆಂಪು. ಕಾರ್ಖಾನೆಯಲ್ಲಿ ಇವನ್ನು ಪರೀಕ್ಷಿಸುವುದೇ 50 ಬಾರ್ ಒತ್ತಡದಲ್ಲಿ, ಹಾಗಾಗಿ ಇಲ್ಲಿ ಶತ್ರು ಒತ್ತಡವಲ್ಲ, ಹಲ್ಲು ಕಡಿದ ಜಾಗದ ತುಕ್ಕು. ಕೆಮ್ಮಣ್ಣುಗುಂಡಿಗೆ ಕಬ್ಬಿಣದ ಪೈಪಿನೊಂದಿಗೆ ಹಳೆಯ ನಂಟೂ ಇದೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಗುಡ್ಡಗಳಿಂದ, ಹಗ್ಗದ ದಾರಿಯಲ್ಲಿ ತಣಿಗೆಬೈಲಿಗೆ ಇಳಿದು. ಆ ಕಾರ್ಖಾನೆ ಎರಕದ ಕಬ್ಬಿಣದ ಪೈಪುಗಳನ್ನೂ ತಯಾರಿಸುತ್ತಿತ್ತು.

ಬಿಸಿಲು, ಬಿಸಿನೀರು, ಹೊಡೆತ

ಅಚ್ಚಿನಲ್ಲಿರುವ ಸಂಖ್ಯೆ ತಣ್ಣನೆಯ ನೀರಿನದು. ಪ್ಲಾಸ್ಟಿಕ್ ಬಿಸಿಯಾದರೆ ಮೆತ್ತಗಾಗುತ್ತದೆ. 20 ಡಿಗ್ರಿಯಲ್ಲಿ 100 ತಡೆಯುವ ಎಚ್‌ಡಿಪಿಇ 40 ಡಿಗ್ರಿಯಲ್ಲಿ ತಡೆಯುವುದು 74. ಪಿವಿಸಿ 45 ಡಿಗ್ರಿಗೆ ಬಂದರೆ 60ರ ಆಸುಪಾಸಿಗೆ ಇಳಿಯುತ್ತದೆ. ಗಿರಿಧಾಮ ತಂಪೆಂದು ಮೈಮರೆಯುವ ಹಾಗಿಲ್ಲ. ಮಾರ್ಚ್ ಬಿಸಿಲಿಗೆ ಬೋಳು ಗುಡ್ಡದ ಮೇಲೆ ಮಲಗಿರುವ ಕರಿ ಪೈಪನ್ನು ಮುಟ್ಟಿ ನೋಡಿ. ಬಿಸಿನೀರಿಗಾಗಿಯೇ ಮಾಡಿದ ಸಿಪಿವಿಸಿ ಕೂಡ ಹೀಗೇ: ಎಸ್‌ಡಿಆರ್ 11ರ ಪೈಪು 23 ಡಿಗ್ರಿಯಲ್ಲಿ 28 ಕೆಜಿ, 82 ಡಿಗ್ರಿಯಲ್ಲಿ ಬರೀ 7. ಗೀಸರ್, ಸೋಲಾರ್ ಲೈನಿಗೆ ಎರಡನೆಯ ಸಂಖ್ಯೆಯೇ ನಿಮ್ಮದು.

ಹಂಡೆ ಒಲೆಯ ಜಾಗದಲ್ಲಿ ಈಗ ಸೌದೆ ಬಾಯ್ಲರ್ ಕೂರಿಸುತ್ತಿದ್ದಾರೆ. ಹಂಡೆಗೆ ಬಾಯಿ ತೆರೆದಿತ್ತು, ಅಪಾಯವಿರಲಿಲ್ಲ. ಮುಚ್ಚಿದ ಬಾಯ್ಲರಿಗೆ ಟ್ಯಾಂಕಿನ ಮಟ್ಟಕ್ಕಿಂತ ಮೇಲೇರುವ, ಬಾಯಿ ತೆರೆದ ಗಾಳಿ ಪೈಪು ಇರಲೇಬೇಕು. ಅದರ ಮೇಲೆ ಯಾವ ವಾಲ್ವೂ ಬೇಡ, ಸೋರುತ್ತದೆಂದು ಮುಚ್ಚಳ ಹಾಕುವುದೂ ಬೇಡ. ಗುಡ್ಡದ ತೊಟ್ಟಿಯಿಂದ ನೇರ ಬಾಯ್ಲರಿಗೆ ಲೈನ್ ಕೊಟ್ಟರೆ ಅಷ್ಟೆತ್ತರದ ಗಾಳಿ ಪೈಪು ಸಾಧ್ಯವೇ ಇಲ್ಲ. ಮನೆಯ ಮೇಲೆ ಒಂದು ಟ್ಯಾಂಕಿಟ್ಟು ಅಲ್ಲಿಂದ ಕೊಡಿ.

ಇನ್ನು ಹೊಡೆತ. ಓಡುವ ನೀರನ್ನು ಗಕ್ಕನೆ ತಡೆದರೆ ಅದರ ವೇಗವೆಲ್ಲ ಒತ್ತಡವಾಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಪಿವಿಸಿ ಪೈಪಿನಲ್ಲಿ ಥಟ್ಟನೆ ನಿಂತರೆ ಸುಮಾರು 4 ಕೆಜಿ, ಕಬ್ಬಿಣದ ಪೈಪಿನಲ್ಲಾದರೆ 12ರ ಹತ್ತಿರ, ಇರುವ ಒತ್ತಡದ ಮೇಲೆ ಕ್ಷಣಮಾತ್ರ ಸೇರುತ್ತದೆ. ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಉದ್ದದ ಇಳಿಜಾರು ಲೈನಿನ ತುದಿಗೆ ನಿಧಾನ ಮುಚ್ಚುವ ಗೇಟ್ ವಾಲ್ವ್ ಹಾಕಿ. ತೋಟದ ಆಳಿಗೂ ಇದನ್ನು ಹೇಳಿಕೊಡಿ, ವಾಲ್ವ್ ತಿರುಗಿಸುವವರು ಅವರೇ ತಾನೆ.

ಗುಡ್ಡ ಇಳಿದು ಅಜ್ಜಂಪುರ, ಕಡೂರು ಕಡೆ ಹೋದರೆ ಎತ್ತರ ಭೂಮಿಯೊಳಗೆ ಹೋಗುತ್ತದೆ. 500 ಅಡಿ ಆಳದಿಂದ ನೀರೆತ್ತುವ ಬೋರ್‌ವೆಲ್ಲಿನಲ್ಲಿ ಪಂಪಿನ ಬಾಯಿಯ ಬಳಿ ಕಾಲಮ್ ಪೈಪಿನ ಮೇಲೆ 15 ಕೆಜಿ. ಹೆಬ್ಬೆಯ ಲೆಕ್ಕಕ್ಕೆ ಹತ್ತಿರವೇ ಬಂತು. ಪಂಪ್ ನಿಂತಾಗ ನೀರು ಹಿಂದಿಳಿಯದಂತೆ ತಡೆಯುವ ಎನ್‌ಆರ್‌ವಿ ಮುಚ್ಚಿಕೊಳ್ಳುವ ಹೊಡೆತ ಬೇರೆ. ಪಂಪಿನ ತಗಡಿನ ಮೇಲೆ ಹೆಡ್ ಎಂದು ಎರಡು ಸಂಖ್ಯೆಗಳಿದ್ದರೆ ಪೈಪಿನ ಲೆಕ್ಕಕ್ಕೆ ದೊಡ್ಡದನ್ನೇ ಹಿಡಿಯಿರಿ. ವಾಲ್ವ್ ಮುಚ್ಚಿ ಪಂಪ್ ಓಡಿಸಿದರೆ ಒತ್ತಡ ಅದನ್ನೂ ಮೀರುತ್ತದೆ.

ಹಿತ್ತಾಳೆ ವಾಲ್ವಿನ ಮೇಲಿನ ಗುಟ್ಟು

ಬಾಲ್ ವಾಲ್ವಿನ ಮೈಮೇಲೆ ‘600 ಡಬ್ಲ್ಯುಒಜಿ’ ಎಂದಿರುತ್ತದೆ. ತಣ್ಣನೆಯ ನೀರು, ಎಣ್ಣೆ, ಗ್ಯಾಸಿಗೆ 600 ಪಿಎಸ್‌ಐ, ಅಂದರೆ 42 ಕೆಜಿ ಎಂದರ್ಥ. ಪಕ್ಕದಲ್ಲೇ ‘150 ಡಬ್ಲ್ಯುಎಸ್‌ಪಿ’ ಇದ್ದರೆ ಅದು ಹಬೆಗೆ. ಎರಡನ್ನೂ ಅದಲು ಬದಲು ಮಾಡಬಾರದು. ‘ಕ್ಲಾಸ್ 150’ ಎಂಬ ಕಬ್ಬಿಣದ ಎಲ್ಬೋ ತಣ್ಣೀರಿಗೆ 300 ಪಿಎಸ್‌ಐ ತಡೆಯುತ್ತದೆ, ಅದೇ ಕ್ಲಾಸಿನ ಉಕ್ಕಿನ ಫ್ಲ್ಯಾಂಜು 285. ಹಬೆ ಕಾಲದಲ್ಲಿ ಇಟ್ಟ ಹೆಸರು ಹಾಗೇ ಉಳಿದಿದೆ. ಕ್ಲಾಸ್ ಎಂದಿದ್ದರೆ ಕಂಪನಿಯ ಪಟ್ಟಿ ನೋಡಿ, ಪಿಎನ್ ಎಂದಿದ್ದರೆ ಇದ್ದದ್ದು ಇದ್ದ ಹಾಗೆ ಬಾರ್.

ಗ್ಯಾಸಿನ ಲೆಕ್ಕ ಬೇರೆ

ಡಬ್ಲ್ಯುಒಜಿಯಲ್ಲಿ ಗ್ಯಾಸೂ ಸೇರಿದೆಯೆಂದು ಆ ವಾಲ್ವನ್ನು ಅಡುಗೆ ಅನಿಲಕ್ಕೆ ಹಾಕಬಹುದೇ? ಒತ್ತಡವೊಂದನ್ನೇ ಕೇಳಿದರೆ ಹೌದು. ಆದರೆ ಗ್ಯಾಸಿನಲ್ಲಿ ಒತ್ತಡ ಕೊನೆಯ ಪ್ರಶ್ನೆ. ಮನೆಯ ಸಿಲಿಂಡರಿನ ರೆಗ್ಯುಲೇಟರ್ ದಾಟಿ ಒಲೆಗೆ ಬರುವ ಅನಿಲದ ಒತ್ತಡ ಚದರ ಸೆಂಟಿಮೀಟರಿಗೆ 30 ಗ್ರಾಂ, ಅಂದರೆ ಬರೀ 30 ಸೆಂಟಿಮೀಟರ್ ಎತ್ತರದ ನೀರು. ಹತ್ತು ಮೀಟರ್ ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಇದರ 33 ಪಟ್ಟು ಒತ್ತಡ. ಹಾಗೆಂದು ನೀರಿನ ಪೈಪು ಗ್ಯಾಸಿಗೆ ಆಗುವುದಿಲ್ಲ. ನೀರು ಸೋರಿದರೆ ನೆಲ ಒದ್ದೆ. ಎಲ್‌ಪಿಜಿ ಸೋರಿದರೆ ಗಾಳಿಗಿಂತ ಭಾರವಾದ ಅದು ನೆಲಕ್ಕಿಳಿದು ಮೂಲೆಯಲ್ಲಿ ಕೂತು ಕಿಡಿಗೆ ಕಾಯುತ್ತದೆ. ವಾಲ್ವಿನೊಳಗಿನ ರಬ್ಬರು, ಸೀಲು, ಥ್ರೆಡ್ಡಿಗೆ ಸುತ್ತಿದ ಟೇಪು ಎಲ್ಲವೂ ಗ್ಯಾಸಿಗೆಂದೇ ಮಾಡಿದ್ದಿರಬೇಕು. ಪಿವಿಸಿ, ಸಿಪಿವಿಸಿ ಎಲ್‌ಪಿಜಿಗೂ ಬೇಡ, ಕಂಪ್ರೆಸರ್ ಗಾಳಿಗೂ ಬೇಡ. ನೀರು ತುಂಬಿದ ಪೈಪು ಒಡೆದರೆ ಬಿರುಕು, ಗಾಳಿ ತುಂಬಿದ ಪೈಪು ಒಡೆದರೆ ಚೂರುಗಳು ಹಾರುತ್ತವೆ.

ರೆಗ್ಯುಲೇಟರಿನ ಹಿಂದಿನ ಕಥೆಯೇ ಬೇರೆ. ಸಿಲಿಂಡರಿನೊಳಗೆ ಬೇಸಿಗೆಯಲ್ಲಿ ಹಲವು ಕೆಜಿ ಒತ್ತಡವಿರುತ್ತದೆ. 40 ಡಿಗ್ರಿಯಲ್ಲಿ ಅದು 1050 ಕಿಲೋಪಾಸ್ಕಲ್, ಅಂದರೆ ಸುಮಾರು 10.7 ಕೆಜಿ ಮೀರಬಾರದೆಂಬುದು ನಮ್ಮ ಮಾನದಂಡ. ಹೋಂಸ್ಟೇ, ಹೋಟೆಲುಗಳಲ್ಲಿ 19 ಕೆಜಿಯ ಸಿಲಿಂಡರ್‌ಗಳನ್ನು ಸಾಲಾಗಿ ಜೋಡಿಸಿ ಒಂದೇ ಲೈನಿಗೆ ಕೊಡುತ್ತಾರೆ. ಸಿಲಿಂಡರಿನಿಂದ ರೆಗ್ಯುಲೇಟರಿನವರೆಗಿನ ಪ್ರತಿ ತುಂಡೂ ಈ ಒತ್ತಡಕ್ಕೆ ತಕ್ಕ ದರ್ಜೆಯದಿರಬೇಕು. ಒಲೆಯ ಬಳಿ ಬಳಸುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸನ್ನು ಅಲ್ಲಿಗೆ ತರುವುದು ಅಪಾಯ. ಆ ಹೋಸಿನ ಮೇಲೆ ಐಎಸ್ 9573 ಎಂಬ ಗುರುತೂ ತಯಾರಾದ ದಿನವೂ ಇರುತ್ತದೆ. ಐದು ವರ್ಷಕ್ಕೆ ಬದಲಾಯಿಸಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ.

ಚಳಿಗಾಲದ ಬೆಳಿಗ್ಗೆ ಕೆಮ್ಮಣ್ಣುಗುಂಡಿಯಲ್ಲಿ ಉರಿ ಸಣ್ಣಗಾದರೆ ಪೈಪಿನದೂ ರೆಗ್ಯುಲೇಟರಿನದೂ ತಪ್ಪಲ್ಲ. ಚಳಿಗೆ ದ್ರವ ಆವಿಯಾಗುವುದು ನಿಧಾನವಾಗಿ ಸಿಲಿಂಡರಿನೊಳಗಿನ ಒತ್ತಡವೇ ಇಳಿದಿರುತ್ತದೆ. ಅದಕ್ಕೆಂದು ಸಿಲಿಂಡರನ್ನು ಕುದಿನೀರಿನಲ್ಲಿ ಇಡುವುದು, ಒಲೆಯ ಬಳಿ ಎಳೆಯುವುದು ಹುಚ್ಚು ಸಾಹಸ. ಇನ್ನೊಂದು ಸಿಲಿಂಡರ್ ಜೊತೆಗೆ ಜೋಡಿಸಿಕೊಂಡರೆ ಹೊರೆ ಹಂಚಿಹೋಗುತ್ತದೆ, ಆದರೆ ಅದು ಏಜೆನ್ಸಿಯವರ ಕೈಯ ಕೆಲಸ.

ನಗರಗಳಲ್ಲಿ ರಸ್ತೆಯಡಿ ಬರುವ ಪೈಪ್ ಗ್ಯಾಸಿಗೆ ಐಎಸ್ 14885 ಪ್ರಕಾರದ ಪಾಲಿಎಥಿಲೀನ್ ಪೈಪು. ಬೀದಿಯಲ್ಲಿ ಸುಮಾರು 4 ಬಾರ್, ಅಡುಗೆಮನೆಗೆ ಬರುವಾಗ 21 ಮಿಲಿಬಾರ್. ಮಲೆನಾಡಿನ ಗೋಬರ್ ಗ್ಯಾಸಿನಲ್ಲಿ ಒತ್ತಡ ಇನ್ನೂ ಕಡಿಮೆ, ತೇಲುವ ಡ್ರಮ್ಮಿನದಾದರೆ ಹತ್ತು ಸೆಂಟಿಮೀಟರ್ ನೀರಿನ ಆಸುಪಾಸು. ಅಲ್ಲಿ ಪೈಪಿನ ದರ್ಜೆಗಿಂತ ಇಳಿಜಾರು ಮುಖ್ಯ. ಅನಿಲದ ಜೊತೆ ಬರುವ ತೇವ ತಗ್ಗಿನಲ್ಲಿ ನಿಂತರೆ ಅಷ್ಟೇ ನೀರು ಗ್ಯಾಸನ್ನು ಪೂರ್ತಿ ತಡೆದುಬಿಡುತ್ತದೆ. ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ಕಾಕ್ ಇಡಬೇಕು. ಗೋಬರ್ ಗ್ಯಾಸಿನಲ್ಲಿರುವ ಗಂಧಕದ ಅನಿಲಕ್ಕೆ ಹಿತ್ತಾಳೆ, ತಾಮ್ರ ಕಪ್ಪಾಗಿ ಸವೆಯುತ್ತವೆ, ಹಿತ್ತಾಳೆ ಕಾಕನ್ನು ಆಗಾಗ ತಿರುಗಿಸಿ ನೋಡುತ್ತಿರಿ.

ಪರೀಕ್ಷೆಯೂ ಎರಡಕ್ಕೂ ಬೇರೆ. ನೀರಿನ ಲೈನಾದರೆ ಸೊಲ್ಯೂಷನ್ ಒಣಗಲು ಒಂದು ದಿನ ಬಿಟ್ಟು, ನೀರು ತುಂಬಿ, ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ, ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡುವುದು. ಕಂದಕ ಮುಚ್ಚುವುದು ಆಮೇಲೆ. ಐಎಸ್‌ಐ ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿ ಪರವಾನಗಿ ನಿಜವೇ ಎಂದು ಅಂಗಡಿಯಲ್ಲೇ ನೋಡಬಹುದು. ಬಿಲ್ಲಿನಲ್ಲಿ ‘ಪಿವಿಸಿ ಎಲ್ಬೋ’ ಎಂದಷ್ಟೇ ಬರೆಸದೆ ದರ್ಜೆಯನ್ನೂ ಬರೆಸಿಕೊಳ್ಳಿ. ಗ್ಯಾಸ್ ಲೈನಿಗೆ ಸೋಪಿನ ನೊರೆ ಸಾಕು, ಕಡ್ಡಿ ಗೀರಿ ನೋಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಕರೆ ಮಾಡಬೇಕಾದ ಎಲ್‌ಪಿಜಿ ತುರ್ತು ಸಂಖ್ಯೆ 1906.